ಕಪ್ಪುಕುಳಿಯ ಆ ಕಾಲು ಭಾಗ: ಸ್ಟ್ರಿಂಗ್‌ನವರ ಎಣಿಕೆ ಸರಿಯೋ, ಲೂಪ್‌ನವರದ್ದೋ?

ಪಾಷಾಣ್ ಓದುಗ:
ಭಾನುವಾರ ಪುಣೆಯ ನಮ್ಮ ಓದು ಗುಂಪಿನಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿಗೆ ತಂದಿದ್ದೇನೆ. ಐದು ಜನ ಕನ್ನಡಿಗರು, ಒಂದು ಬಿಳಿ ಬೋರ್ಡು. ಬೋರ್ಡಿನ ಮೇಲೆ ಒಂದೇ ಸಾಲು: ಎಂಟ್ರೊಪಿ = ವಿಸ್ತೀರ್ಣ ÷ 4. ಕಪ್ಪುಕುಳಿಗೆ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ಕೊಟ್ಟ ಸೂತ್ರ ಅದು.

ಸೂರ್ಯನಷ್ಟು ತೂಕದ ಕಪ್ಪುಕುಳಿ ಇದ್ದರೆ ಅದರ ತ್ರಿಜ್ಯ ಸುಮಾರು 3 ಕಿ.ಮೀ. ಡೆಕ್ಕನ್‌ನಿಂದ ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ನೇರ ಗೆರೆ ಎಳೆದರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಅದರ ಮೈಯನ್ನು ಪ್ಲಾಂಕ್ ಉದ್ದ ಅನ್ನುವ ಅತಿ ಸಣ್ಣ ಅಳತೆಯ ಚೌಕಗಳಾಗಿ ಕತ್ತರಿಸಿ, ಎಣಿಸಿ, ನಾಲ್ಕರಿಂದ ಭಾಗಿಸಿ. ಸಿಗುವ ಸಂಖ್ಯೆಯಲ್ಲಿ 1ರ ಮುಂದೆ ಸುಮಾರು 77 ಸೊನ್ನೆ. ಎಂಟ್ರೊಪಿ ಅಂದರೆ ಒಳಗಿನ ಬಿಡಿಭಾಗಗಳನ್ನು ಎಷ್ಟು ಥರ ಜೋಡಿಸಬಹುದು ಅನ್ನುವ ಎಣಿಕೆಯ ಲಾಗರಿದಮ್. ಹಾಗಾದರೆ ಆ ಬಿಡಿಭಾಗ ಯಾವುದು?

ಗುರುತ್ವವನ್ನು ಕ್ವಾಂಟಂ ನಿಯಮಗಳ ಜೊತೆ ಸೇರಿಸುವ ಕ್ವಾಂಟಂ ಗುರುತ್ವಕ್ಕೆ ಯಾವ ಗಣಿತ ಸರಿ ಅನ್ನುವುದನ್ನು ಈ ಎಣಿಕೆಯಲ್ಲೇ ಒರೆಗೆ ಹಚ್ಚಬೇಕು ಅನ್ನುವುದು ನನ್ನ ವಾದ. ಸಮೀಕರಣದ ಅಂದ ಚಂದ ಆಮೇಲೆ. ಕಣಗಳೆಲ್ಲ ಅತಿ ಸಣ್ಣ ತಂತಿಗಳ ಕಂಪನ ಅನ್ನುವ ಸ್ಟ್ರಿಂಗ್ ಸಿದ್ಧಾಂತ ಈ ಪರೀಕ್ಷೆಯಲ್ಲಿ ಪಾಸಾಗಿದೆ. 1996ರಲ್ಲಿ ಸ್ಟ್ರೊಮಿಂಜರ್ ಮತ್ತು ವಾಫಾ, ಆ ತಂತಿಗಳ ತುದಿ ಅಂಟಿಕೊಳ್ಳುವ ಹಾಳೆಯಂಥ ಡಿ-ಬ್ರೇನ್‌ಗಳ ಸ್ಥಿತಿಗಳನ್ನು ಎಣಿಸಿದರು. ಕಾಲು ಭಾಗ ತಾನಾಗಿ ಬಂತು. ಯಾವ ಸಂಖ್ಯೆಯನ್ನೂ ಕೈಯಿಂದ ತುಂಬಬೇಕಾಗಲಿಲ್ಲ.

ನಿಗಡಿ ಮೇಷ್ಟ್ರು:
ಎಂಥ ಕಪ್ಪುಕುಳಿ ಅಂತ ನೀವು ಹೇಳಲೇ ಇಲ್ಲವಲ್ಲ. ಐದು ಆಯಾಮದ್ದು, ಸೂಪರ್‌ಸಿಮೆಟ್ರಿ (ಪ್ರತಿ ಕಣಕ್ಕೂ ಇನ್ನೊಂದು ಬಗೆಯ ಜೋಡಿ ಕಣ) ಇರುವಂಥದ್ದು, ಚಾರ್ಜ್ ಗರಿಷ್ಠ ಮಟ್ಟಕ್ಕೆ ತುಂಬಿರುವಂಥದ್ದು, ತಾಪಮಾನ ಸೊನ್ನೆ. ಆಕಾಶದಲ್ಲಿ ಅಂಥದ್ದು ಒಂದೂ ಕಂಡಿಲ್ಲ.

ಲೂಪ್‌ನವರು, ಅಂದರೆ ಲೂಪ್ ಕ್ವಾಂಟಂ ಗುರುತ್ವ ಅನ್ನುವ ಇನ್ನೊಂದು ದಾರಿಯವರು, ಎಣಿಸುವುದು ನಾಲ್ಕು ಆಯಾಮದ, ನಮ್ಮ ಆಕಾಶದ ಥರದ ಕುಳಿಯನ್ನು. ಇದೇ ಮಹಾರಾಷ್ಟ್ರದ ಶಿರ್ಪುರದಲ್ಲಿ ಹುಟ್ಟಿದ ಅಭಯ್ ಅಷ್ಟೇಕರ್ 1986ರಲ್ಲಿ ಐನ್‌ಸ್ಟೈನ್ ಸಿದ್ಧಾಂತವನ್ನು ಹೊಸ ಚರಗಳಲ್ಲಿ ಬರೆದರು. ಉಳಿದ ಬಲಗಳನ್ನು ವಿವರಿಸುವ ಗಣಿತವಾದ ಗೇಜ್ ಸಿದ್ಧಾಂತದ ರೂಪಕ್ಕೆ ಆಗ ಗುರುತ್ವವೂ ಬಂತು. ಅದೇ ದಾರಿಯಲ್ಲಿ 1995ರಲ್ಲಿ ರೊವೆಲ್ಲಿ ಮತ್ತು ಸ್ಮೋಲಿನ್ ವಿಸ್ತೀರ್ಣ ತುಂಡು ತುಂಡಾಗಿಯೇ ಇರುತ್ತದೆ ಅಂತ ತೋರಿಸಿದರು. ಒಂದು ಜಾಲ ಅಂತ ಅಂದುಕೊಳ್ಳಿ. ಅದರ ಎಳೆ ಎಲ್ಲಿ ಮೇಲ್ಮೈಯನ್ನು ಚುಚ್ಚಿಕೊಂಡು ಹೋಗುತ್ತದೋ ಅಲ್ಲಿ ಒಂದಿಷ್ಟು ವಿಸ್ತೀರ್ಣ. ಎಳೆಯೇ ಇಲ್ಲದ ಕಡೆ ವಿಸ್ತೀರ್ಣವೂ ಇಲ್ಲ. ಕುಳಿಯ ಮೈಮೇಲೆ ಆ ಚುಚ್ಚುಗಳನ್ನು ಎಷ್ಟು ಥರ ಇಡಬಹುದು ಅಂತ ಎಣಿಸಿದರೆ ಎಂಟ್ರೊಪಿ ವಿಸ್ತೀರ್ಣಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಹತ್ತು ಆಯಾಮ ಬೇಡ, ಸೂಪರ್‌ಸಿಮೆಟ್ರಿ ಬೇಡ.

ಪಾಷಾಣ್ ಓದುಗ:
ಬೆಳೆಯುತ್ತದೆ, ಒಪ್ಪಿದೆ ಮೇಷ್ಟ್ರೇ. ಕಾಲು ಭಾಗ ಬರುತ್ತದಾ? ವಿಸ್ತೀರ್ಣದ ತುಂಡು ಎಷ್ಟು ದೊಡ್ಡದು ಅಂತ ನಿರ್ಧರಿಸುವ ಇಮ್ಮಿರ್ಜಿ ಸಂಖ್ಯೆ ಅಂತ ಲೂಪ್‌ನಲ್ಲಿ ಒಂದಿದೆಯಲ್ಲ, ಅದಕ್ಕೆ 0.2 ಚಿಲ್ಲರೆ ಬೆಲೆ ಕೊಟ್ಟರೆ ಮಾತ್ರ 1/4. ಉತ್ತರ ನೋಡಿಕೊಂಡು ಲೆಕ್ಕ ಬಿಡಿಸಿದ ಹಾಗಾಯ್ತು.

ನಿಗಡಿ ಮೇಷ್ಟ್ರು:
ಒಂದು ಸಲ ಹಾಕುತ್ತಾರೆ, ಹೌದು. ಆಮೇಲೆ ಅದೇ ಬೆಲೆ ಚಾರ್ಜ್ ಇರುವ ಕುಳಿಗೂ ನಡೆಯುತ್ತದೆ, ತಿರುಗುವ ಕುಳಿಗೂ ನಡೆಯುತ್ತದೆ. ಒಂದೊಂದು ಕುಳಿಗೆ ಒಂದೊಂದು ಬೆಲೆ ಬೇಕಾಗಿದ್ದರೆ ನಾನು ನಿಮ್ಮ ಪಕ್ಷಕ್ಕೆ ಬರುತ್ತಿದ್ದೆ. ಎಲೆಕ್ಟ್ರಾನ್ ಚಾರ್ಜ್ ಎಷ್ಟು ಅಂತಲೂ ನಾವು ಅಳತೆ ಮಾಡಿಯೇ ಹಾಕುತ್ತೇವೆ, ಅಲ್ವಾ?

ಔಂಧ್ ವಿದ್ಯಾರ್ಥಿನಿ:
ಸರ್, ನಾನು ಎಮ್ಮೆಸ್ಸಿ ಮಾಡುತ್ತಿದ್ದೇನೆ. ಒಂದು ಮೂಲ ಪ್ರಶ್ನೆ. ವಿದ್ಯುತ್ಕಾಂತಕ್ಕೆ ಮಾಡಿದ ಹಾಗೆ ನೇರವಾಗಿ ಗ್ರಾವಿಟಾನ್ (ಗುರುತ್ವದ ಕಣ) ಹಾಕಿ ಲೆಕ್ಕ ಮಾಡಿದರೆ ಏನು ತೊಂದರೆ? ಇಷ್ಟೆಲ್ಲ ಹೊಸ ಗಣಿತ ಯಾಕೆ?

ಕೊಲಾಬಾ ಕಡಲು:
ಒಳ್ಳೆ ಪ್ರಶ್ನೆ ತಂಗಿ. ಮಾಡಿ ನೋಡಿದ್ದಾರೆ. 1974ರಲ್ಲಿ 'ಟ್ ಹೂಫ್ಟ್ ಮತ್ತು ವೆಲ್ಟ್‌ಮನ್ ಲೆಕ್ಕ ಹಾಕಿದರು. ಈ ಲೆಕ್ಕವನ್ನು ಸುತ್ತು ಸುತ್ತಾಗಿ ತಿದ್ದುಪಡಿ ಸೇರಿಸುತ್ತ ಮಾಡುತ್ತಾರೆ. ಬರೀ ಗುರುತ್ವ ಇದ್ದರೆ ಮೊದಲ ಸುತ್ತಿನಲ್ಲಿ ಉತ್ತರ ಕೆಡಿಸುವ ಅನಂತಗಳು ತೊಲಗುತ್ತವೆ, ವಸ್ತು ಸೇರಿಸಿದರೆ ಉಳಿಯುತ್ತವೆ. ಹತ್ತು ವರ್ಷದ ಮೇಲೆ ಗೊರೊಫ್ ಮತ್ತು ಸಾನ್ಯೊಟ್ಟಿ ಎರಡನೇ ಸುತ್ತಿನ ಲೆಕ್ಕ ಮಾಡಿದರು. ಬರೀ ಗುರುತ್ವದಲ್ಲೂ ಅನಂತ ಉಳಿಯಿತು. ಅದರ ಮುಂದಿನ ಗುಣಕದಲ್ಲಿ 209/2880 ಅಂತ ಒಂದು ಭಿನ್ನರಾಶಿ ಬರುತ್ತದೆ. ಅದು ಸೊನ್ನೆ ಆಗಿದ್ದರೆ ಆ ಸುತ್ತನ್ನೂ ದಾಟಬಹುದಿತ್ತು, ಆಗಲಿಲ್ಲ. ಪ್ರತಿ ಸುತ್ತಿಗೂ ಹೊಸ ಸಂಖ್ಯೆಗಳನ್ನು ಹೊರಗಿನಿಂದ ಕೊಡಬೇಕು ಅಂತಾದರೆ ಸಿದ್ಧಾಂತ ಏನನ್ನೂ ಮುನ್ನುಡಿಯಲಾರದು. ಆ ಸಂಖ್ಯೆಗಳು ಅತಿ ಹೆಚ್ಚಿನ ಶಕ್ತಿಯಲ್ಲಿ ಒಂದು ಸ್ಥಿರ ಬಿಂದುವಿಗೆ ಬಂದು ನಿಲ್ಲಬಹುದು ಅಂತ 1979ರಲ್ಲಿ ವೈನ್‌ಬರ್ಗ್ ಹೇಳಿದ್ದರು. ಅದೂ ಜೀವಂತ ದಾರಿಯೇ.

ಹಡಪ್ಸರ್ ಇಂಜಿನಿಯರ್:
ಪುಣೆಯಲ್ಲಿ ಕೂತು ಭೌತವಿಜ್ಞಾನಿ ಪದ್ಮನಾಭನ್ ಅವರ ಹೆಸರೇ ಎತ್ತದೆ ಈ ಮಾತು ಆಡುತ್ತಿದ್ದೀರಲ್ಲ! 2021ರಲ್ಲಿ ತೀರಿಕೊಳ್ಳುವ ತನಕ ಇಲ್ಲಿನ ಖಗೋಳ ಸಂಶೋಧನಾ ಕೇಂದ್ರ ಆಯುಕಾದಲ್ಲಿ ಅವರು ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿದವರು. ಬಿಸಿಯಾಗುವ ಯಾವುದಕ್ಕೇ ಆದರೂ ಒಳಗೆ ಬಿಡಿಭಾಗ ಇರಲೇಬೇಕು. ದೇಶಕಾಲಕ್ಕೂ ತಾಪಮಾನ ಇದೆ, ಹಾಗಾಗಿ ಅದಕ್ಕೂ ಅಣುಗಳಂಥ ಏನೋ ಇದೆ. ಐನ್‌ಸ್ಟೈನ್ ಸಮೀಕರಣ ಆ ಅಣುಗಳ ಒಟ್ಟಾರೆ ನಡವಳಿಕೆ. 1995ರಲ್ಲಿ ಜೇಕಬ್ಸನ್ ಎಂಟ್ರೊಪಿ ವಿಸ್ತೀರ್ಣಕ್ಕೆ ತಕ್ಕಂತಿದೆ ಅಂತ ಇಟ್ಟುಕೊಂಡು ಶಾಖದ ನಿಯಮದಿಂದಲೇ ಆ ಸಮೀಕರಣ ಹೊರಡಿಸಿದರು.

ನೀರಿನ ಹರಿವಿನ ಸಮೀಕರಣಕ್ಕೆ ಕ್ವಾಂಟಂ ನಿಯಮ ಹಚ್ಚಿದರೆ ನೀರಿನ ಅಣು ಸಿಗುವುದಿಲ್ಲ. ಲೂಪ್‌ನವರು ಐನ್‌ಸ್ಟೈನ್ ಸಮೀಕರಣಕ್ಕೆ ಅದನ್ನೇ ಮಾಡುತ್ತಿದ್ದಾರೆ ಅನ್ನುವುದು ನನ್ನ ಆತಂಕ.

ನಿಗಡಿ ಮೇಷ್ಟ್ರು:
ಆ ಆತಂಕ ನನಗೂ ಇದೆ. ಆದರೆ ಆ ದಾರಿಯಲ್ಲಿ ಅಣು ಯಾವುದು ಅಂತ ಹೇಳದೆ ಎಣಿಸುವುದು ಹೇಗೆ? ಕಾಲು ಭಾಗವನ್ನು ಅಲ್ಲಿ ಮೊದಲೇ ಇಟ್ಟುಕೊಳ್ಳಬೇಕು.

ಕೊಲಾಬಾ ಕಡಲು:
ಎಲ್ಲರೂ ಕಾಲು ಭಾಗಕ್ಕೇ ಅಂಟಿಕೊಂಡಿದ್ದೀರಿ. ಅದರ ಮುಂದಿನ ಪದ ನೋಡಿ, ಅಲ್ಲೇ ನಿಜವಾದ ಪರೀಕ್ಷೆ. ದೊಡ್ಡ ಕುಳಿಗೆ ವಿಸ್ತೀರ್ಣದ ಪದ ಆದಮೇಲೆ ವಿಸ್ತೀರ್ಣದ ಲಾಗರಿದಮ್ ಬರುತ್ತದೆ. ಚೆನ್ನೈನಲ್ಲಿ ಕೌಲ್ ಮತ್ತು ಮಜುಮ್ದಾರ್ 2000ದಲ್ಲಿ ಲೂಪ್ ಎಣಿಕೆಯಿಂದ ಅದರ ಗುಣಕ −3/2 ಅಂತ ತೆಗೆದರು. ಇದರಲ್ಲಿ ಇಮ್ಮಿರ್ಜಿ ಸಂಖ್ಯೆಯ ಆಟ ಇಲ್ಲ, ಅದೇ ಇದರ ಚೆಲುವು.

ಇನ್ನೊಂದು ಕಡೆ ಸ್ಟ್ರಿಂಗ್ ಸಿದ್ಧಾಂತದ ಅಶೋಕ್ ಸೇನ್. ನಮ್ಮ ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲೂ ಇದ್ದವರು. ಈ ಲಾಗರಿದಮ್ ಪದಕ್ಕೆ ಸ್ಟ್ರಿಂಗೂ ಬೇಡ, ಲೂಪೂ ಬೇಡ, ಕುಳಿಯ ಸುತ್ತ ಓಡಾಡುವ ದ್ರವ್ಯರಾಶಿ ಇಲ್ಲದ ಕಣಗಳ ಲೆಕ್ಕ ಸಾಕು ಅಂತ ತೋರಿಸಿದರು. ಅಂದರೆ ಯಾವ ಸಿದ್ಧಾಂತ ಬಂದರೂ ಅದೇ ಗುಣಕ ಕೊಡಬೇಕು. ಸ್ಟ್ರಿಂಗ್‌ನಲ್ಲಿ ಎಣಿಸಲು ಬರುವ ಕೆಲವು ಸೂಪರ್‌ಸಿಮೆಟ್ರಿ ಕುಳಿಗಳಲ್ಲಿ ಎರಡೂ ಕಡೆಯ ಲೆಕ್ಕ ತಾಳೆಯಾಯ್ತು. 2012ರಲ್ಲಿ ಮಾಮೂಲಿ, ಅಂದರೆ ತಿರುಗದ, ಚಾರ್ಜ್ ಇಲ್ಲದ ಶ್ವಾರ್ಟ್ಸ್‌ಚೈಲ್ಡ್ ಕುಳಿಗೆ ಮಾಡಿದಾಗ ಲೂಪ್‌ನವರ ಉತ್ತರದೊಂದಿಗೆ ತಾಳೆಯಾಗುವಂತೆ ಕಾಣಲಿಲ್ಲ.

ನಿಗಡಿ ಮೇಷ್ಟ್ರು:
ಈ ಏಟು ಗಟ್ಟಿಯಾದದ್ದು, ಒಪ್ಪುತ್ತೇನೆ. ಒಂದು ಮಾತು ಮಾತ್ರ. ಲೂಪ್ ಎಣಿಕೆಯಲ್ಲಿ ಇರುವುದು ಕುಳಿಯ ಮೈ ಒಂದೇ. ಹೊರಗಿನ ಗ್ರಾವಿಟಾನ್‌ಗಳನ್ನು ಸೇನ್ ಸೇರಿಸಿದ್ದಾರೆ, ಇವರು ಸೇರಿಸಿಲ್ಲ. ಅವನ್ನೂ ಸೇರಿಸಿ ಲೂಪ್‌ನಲ್ಲೇ ಲೆಕ್ಕ ಮಾಡಿ ತೋರಿಸುವ ತನಕ ನಾನು ಸೋತೆ ಅನ್ನುವುದಿಲ್ಲ, ಗೆದ್ದೆ ಅಂತಲೂ ಅನ್ನುವುದಿಲ್ಲ.

ಪಾಷಾಣ್ ಓದುಗ:
ಸೇನ್ ಅವರ ಶ್ವಾರ್ಟ್ಸ್‌ಚೈಲ್ಡ್ ಗುಣಕವನ್ನು ಸ್ಟ್ರಿಂಗ್‌ನವರೂ ಬಿಡಿಭಾಗ ಎಣಿಸಿ ತೆಗೆದಿಲ್ಲ. ಅದು ನಮ್ಮ ಕಡೆಯ ಬಾಕಿ. ಬೋರ್ಡಿನ ಸಾಲಿಗೆ ಲಾಗರಿದಮ್ ಪದ ಸೇರಿಸಿ, ಗುಣಕದ ಜಾಗ ಖಾಲಿ ಬಿಟ್ಟಿದ್ದೇನೆ. ಮೇಷ್ಟ್ರೇ, ಬರುವ ಭಾನುವಾರ ಆ −3/2 ಎಲ್ಲಿಂದ ಬರುತ್ತದೆ ಅಂತ ಮೊದಲಿನಿಂದ ಮಾಡಿ ತೋರಿಸಿ. ತಂಗಿ, ನೀನೂ ಬಾ.