ಮುಳ್ಳು ಚುಚ್ಚಿದ ಕಾಲಲ್ಲಿ ಸಾಲುಗಂಟು, ಕಲ್ಚರ್‌ನಲ್ಲಿ ಏನೂ ಇಲ್ಲ. ನೊಕಾರ್ಡಿಯಾ ಬ್ಯಾಕ್ಟೀರಿಯಾ ಇರಬಹುದೇ?

ಪ್ರಶ್ನೆ
ಅಡಿಕೆ ತೋಟದಲ್ಲಿ ಕೆಲಸ ಮಾಡುವವರು, ತೂಕ 60 ಕೆಜಿ. ಪಾದಕ್ಕೆ ಮುಳ್ಳು ಚುಚ್ಚಿ ಹುಣ್ಣಾಯ್ತು. ಎರಡು ವಾರದಲ್ಲಿ ಮೊಣಕಾಲಿನವರೆಗೆ ಗಂಟುಗಳು ಸಾಲಾಗಿ ಎದ್ದಿವೆ, ತೊಡೆಸಂದಿನಲ್ಲೂ ಊದಿದೆ. ಶುಗರ್ ಸರಿ ಇದೆ, ಎಚ್‌ಐವಿ ನೆಗೆಟಿವ್, ಸ್ಟೀರಾಯ್ಡ್ ತಗೊಂಡಿಲ್ಲ. ಸೆಫಾಲೆಕ್ಸಿನ್ ಆಂಟಿಬಯಾಟಿಕ್ 10 ದಿನ ಕೊಟ್ಟರೂ ಬಗ್ಗಲಿಲ್ಲ. 48 ಗಂಟೆಗೆ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್: ಬೆಳವಣಿಗೆ ಇಲ್ಲ. ನೊಕಾರ್ಡಿಯಾ ರೋಗನಿರೋಧಕ ಶಕ್ತಿ ಕುಂದಿದವರಿಗಷ್ಟೇ ಅಲ್ಲವೇ?

ಉತ್ತರ 1
ಅಲ್ಲ ಸರ್. ಶ್ವಾಸಕೋಶದ್ದು ಹೆಚ್ಚಾಗಿ ಅಂಥವರಿಗೆ. ಚರ್ಮದ್ದು, ಅದರಲ್ಲೂ ನೊಕಾರ್ಡಿಯಾ ಬ್ರೆಸಿಲಿಯೆನ್ಸಿಸ್, ಗಟ್ಟಿಮುಟ್ಟಾದವರಿಗೂ ಬರುತ್ತೆ. ಮಣ್ಣಿನ ಬ್ಯಾಕ್ಟೀರಿಯಾ, ಮುಳ್ಳಿನ ಜೊತೆಗೇ ಒಳಗೆ ಹೋಗುತ್ತೆ. ಆ 48 ಗಂಟೆ ರಿಪೋರ್ಟ್ ನಂಬಬೇಡಿ, ಇದು ಬೆಳೆಯೋಕೆ ಕೆಲವು ದಿನ ಬೇಕು, ಕೆಲವೊಮ್ಮೆ ಎರಡು ಮೂರು ವಾರ.

ಹುಣ್ಣಿನ ಮೇಲೆ ಸ್ವಾಬ್ ಒರೆಸಬೇಡಿ. ಒಡೆಯದ ಗಂಟಿನಿಂದ ಸೂಜಿಯಲ್ಲಿ ಕೀವು ಎಳೆಯಿರಿ. ಕೀವು ಸಿಗದಿದ್ದರೆ ಬಯಾಪ್ಸಿ: ಒಂದು ತುಂಡು ಫಾರ್ಮಲಿನ್‌ಗೆ, ಇನ್ನೊಂದು ಸಲೈನ್‌ನಲ್ಲಿ ಕಲ್ಚರ್‌ಗೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಕಲ್ಚರ್ ಆಸೆ ಬಿಡಬೇಕು. ಫಾರ್ಮ್ ಮೇಲೆ ‘ನೊಕಾರ್ಡಿಯಾ ಅನುಮಾನ, ಪ್ಲೇಟ್ 3 ವಾರ ಇಡಿ’ ಅಂತ ಬರೆಯಲೇಬೇಕು.

ಉತ್ತರ 2
ಲ್ಯಾಬ್ ಕಡೆಯಿಂದ ಎರಡು ಮಾತು. ಗ್ರಾಂ ಸ್ಟೇನ್‌ನಲ್ಲಿ (ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದು) ಕವಲೊಡೆದ ನೂಲಿನಂಥ ನೇರಳೆ ಎಳೆಗಳು, ಮಣಿ ಪೋಣಿಸಿದ ಹಾಗೆ ತುಂಡು ತುಂಡಾಗಿ ಕಾಣುತ್ತವೆ. ಆಸಿಡ್-ಫಾಸ್ಟ್ ಸ್ಟೇನ್‌ನಲ್ಲಿ (ಕೆಂಪು ಬಣ್ಣ ಹಾಕಿ ಆಸಿಡ್‌ನಿಂದ ತೊಳೆಯೋದು) ಕ್ಷಯದ ಸ್ಲೈಡಿಗೆ ಬಳಸುವ 20% ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಕೆಂಪೆಲ್ಲ ತೊಳೆದುಹೋಗುತ್ತೆ, ಇದಕ್ಕೆ 1% ಸಾಕು. ಕಲ್ಚರ್ ಬೆಳೆಸೋಕೆ ಬ್ಲಡ್ ಅಗಾರ್ ಪ್ಲೇಟ್ ಜೊತೆ ಸಬೂರೋ ಅಗಾರ್ ಹಾಕಿ, ಆದರೆ ಕ್ಲೋರಾಂಫೆನಿಕಾಲ್ (ಬ್ಯಾಕ್ಟೀರಿಯಾ ತಡೆಯುವ ಔಷಧ) ಬೆರೆಸದ್ದು. ಕಾಲೊನಿ ಒಣಗಿದ ಸುಣ್ಣದಂತೆ, ಅಗಾರ್‌ಗೆ ಕಚ್ಚಿಕೊಂಡಿರುತ್ತೆ. ಮಳೆಗೆ ನೆಂದ ಮಣ್ಣಿನ ವಾಸನೆ ತಾನಾಗಿ ಬರುತ್ತೆ, ದಯವಿಟ್ಟು ಯಾರೂ ಪ್ಲೇಟ್ ಮೂಸಬೇಡಿ.

ಪ್ರಶ್ನೆ ಕೇಳಿದವರು
ಸ್ಮಿಯರ್‌ನಲ್ಲಿ (ಸ್ಲೈಡಿಗೆ ಸವರಿದ ಕೀವಿನಲ್ಲಿ) ಎಳೆ ಕಂಡರೆ ಕಲ್ಚರ್‌ಗೆ ಕಾಯಬೇಕೇ?

ಉತ್ತರ 3
ಬೇಡ, ಶುರು ಮಾಡಿ. ಕೋಟ್ರೈಮಾಕ್ಸಜೋಲ್‌ನಲ್ಲಿ (ಟ್ರೈಮೆಥೊಪ್ರಿಮ್ ಮತ್ತು ಸಲ್ಫಾ ಸೇರಿದ ಮಾತ್ರೆ) ಲೆಕ್ಕ ಟ್ರೈಮೆಥೊಪ್ರಿಮ್ ಮೇಲೆ: ದಿನಕ್ಕೆ ಕೆಜಿಗೆ 5–10 ಮಿಗ್ರಾಂ. ಕಿಡ್ನಿ ಸರಿ ಇದ್ದರೆ ಇವರಿಗೆ 160/800ರ (ಟ್ರೈಮೆಥೊಪ್ರಿಮ್ 160, ಸಲ್ಫಾ 800 ಮಿಗ್ರಾಂ) ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಸಾಮಾನ್ಯವಾಗಿ ಮೂರು ತಿಂಗಳು. ಗಂಟು ಕರಗಿತು ಅಂತ ಮೂರನೇ ವಾರಕ್ಕೇ ನಿಲ್ಲಿಸಿದರೆ ಮರುಕಳಿಸುತ್ತೆ, ಇಲ್ಲೇ ಎಲ್ಲರೂ ಎಡವೋದು. ಮೊದಲ ವಾರದಲ್ಲೇ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣ ನೋಡಿ. ಮೈಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಿ. ಸಲ್ಫಾ ಅಲರ್ಜಿ ಇದ್ದವರಿಗೆ ಮಿನೋಸೈಕ್ಲಿನ್ 100 ಮಿಗ್ರಾಂ ದಿನಕ್ಕೆರಡು ಸಲ, ಸೆನ್ಸಿಟಿವಿಟಿ (ಆ ರೋಗಾಣು ಔಷಧಕ್ಕೆ ಬಗ್ಗುತ್ತಾ ಅಂತ) ನೋಡಿಕೊಂಡು.

ಎದೆ ಎಕ್ಸ್‌ರೇ ಬಿಡಬೇಡಿ, ಶ್ವಾಸಕೋಶದಲ್ಲೂ ಇದೆಯಾ ನೋಡಬೇಕು. ಸ್ಪೋರೊಟ್ರೈಕೋಸಿಸ್ ಫಂಗಸ್ಸೂ ಹೀಗೇ ಸಾಲುಗಂಟು ಎಬ್ಬಿಸುತ್ತೆ, ಪರೀಕ್ಷಿಸದೆ ಅಂದಾಜಿಗೆ ಫಂಗಸ್ ಔಷಧ ಇಟ್ರಾಕೊನಜೋಲ್ ಬರೆದರೆ ತಿಂಗಳುಗಟ್ಟಲೆ ದಂಡ.