ಅಪಾಚೆ 2.4: ಮಾಡ್ ಪರ್ಲ್, ಪಿಎಚ್‌ಪಿ ಮಾಡ್ಯೂಲ್‌ಗಳನ್ನು ಸೇರಿಸಿದೊಡನೆ ಸರ್ವರ್ ಏಳುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಅಪಾಚೆ ಎಂಬ ವೆಬ್ ಸರ್ವರಿನ 2.2ನೇ ಆವೃತ್ತಿಯ ಮೇಲೆ ಬಹಳ ಕಾಲದಿಂದ ನಡೆಯುತ್ತಿರುವ ಜಾಲತಾಣವೊಂದನ್ನು 2.4ಕ್ಕೆ ಸಾಗಿಸುವ ಕೆಲಸ ನನ್ನ ಕೈಯಲ್ಲಿದೆ. ಅದರ ಒಂದು ಭಾಗ ಪರ್ಲ್‌ನಲ್ಲಿದ್ದು ಇದುವರೆಗೆ ಸಾಮಾನ್ಯ ಸಿಜಿಐ (ಪ್ರತಿ ರಿಕ್ವೆಸ್ಟಿಗೂ ಪ್ರತ್ಯೇಕ ಪ್ರೊಸೆಸ್‌ನಲ್ಲಿ ಓಡುವ ಸ್ಕ್ರಿಪ್ಟ್) ಆಗಿ ಓಡುತ್ತಿತ್ತು. ಇನ್ನೊಂದು ಭಾಗ ಪಿಎಚ್‌ಪಿ 5ರಲ್ಲಿದೆ. ಹಳೆಯ ಸರ್ವರನ್ನು ಈಗಲೇ ನಿಲ್ಲಿಸುವಂತಿಲ್ಲ. ಆದ್ದರಿಂದ ಅದೇ ಯಂತ್ರದಲ್ಲಿ ಹೊಸ ಅಪಾಚೆಯನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ, ಬೇರೆ ಡೈರೆಕ್ಟರಿಯಲ್ಲಿ ಇನ್‌ಸ್ಟಾಲ್ ಮಾಡಿ, 8080ನೇ ಪೋರ್ಟಿಗೆ ಹೊಂದಿಸಿದ್ದೇನೆ. ಎಂಪಿಎಂಗಳು (ರಿಕ್ವೆಸ್ಟ್‌ಗಳನ್ನು ಪ್ರೊಸೆಸ್ ಅಥವಾ ಥ್ರೆಡ್‌ಗಳಿಗೆ ಹಂಚುವ ಅಪಾಚೆಯ ಭಾಗಗಳು) ಬೇಕಾದಂತೆ ಬದಲಿಸಬಹುದಾದ ಮಾಡ್ಯೂಲ್‌ಗಳಾಗಿಯೇ ಇವೆ. ಪರ್ಲ್ 5.36, ಪಿಎಚ್‌ಪಿ 8 ಮತ್ತು ಪರ್ಲನ್ನು ಅಪಾಚೆಯ ಒಳಗೇ ಓಡಿಸುವ ಮಾಡ್ ಪರ್ಲ್‌ಗಳನ್ನೂ ಸೋರ್ಸ್‌ನಿಂದಲೇ ಕಂಪೈಲ್ ಮಾಡಿದ್ದೇನೆ. ಮೊದಲು ಥ್ರೆಡ್ ಬಳಸದ ಪ್ರೀಫೋರ್ಕ್ ಎಂಬ ಎಂಪಿಎಂ ಇಟ್ಟುಕೊಂಡಿದ್ದೆ. ಹೆಚ್ಚು ಸಂಪರ್ಕಗಳನ್ನು ನಿಭಾಯಿಸಬೇಕೆಂಬ ಕಾರಣಕ್ಕೆ ಪಿಎಚ್‌ಪಿ ಕಂಪೈಲ್ ಆದ ಮೇಲೆ ಥ್ರೆಡ್ ಬಳಸುವ ಇವೆಂಟ್‌ಗೆ ಬದಲಿಸಿದೆ.

ಮಾಡ್ಯೂಲ್‌ಗಳಿಲ್ಲದೆ ಅಪಾಚೆ ಸರಿಯಾಗಿ ಏಳುತ್ತದೆ. ಮಾಡ್ ಪರ್ಲ್‌ನ ಲೋಡ್‌ಮಾಡ್ಯೂಲ್ ಸಾಲು ಸೇರಿಸಿದ ಕೂಡಲೇ, ಮಾಡ್ಯೂಲಿನ ರಚನೆ ಕೆಟ್ಟಿದೆ, ನಿರೀಕ್ಷಿಸಿದ ಸಹಿ 41503234, ಕಂಡ ಸಹಿ 41503232 ಎಂಬ ಅರ್ಥದ ದೋಷ ಬಂದು ನಿಲ್ಲುತ್ತದೆ. ಆ ಸಾಲನ್ನು ಕಮೆಂಟ್ ಮಾಡಿದರೆ ಪಿಎಚ್‌ಪಿಯ ಸರದಿ: ಅಪಾಚೆ ಥ್ರೆಡ್ ಬಳಸುವ ಎಂಪಿಎಂನಲ್ಲಿ ಓಡುತ್ತಿದೆ, ಆದರೆ ಪಿಎಚ್‌ಪಿ ಮಾಡ್ಯೂಲ್ ಥ್ರೆಡ್‌ಸೇಫ್ (ಹಲವು ಥ್ರೆಡ್‌ಗಳಲ್ಲಿ ಒಟ್ಟಿಗೆ ಓಡಲು ತಕ್ಕುದು) ಆಗಿ ಕಂಪೈಲ್ ಆಗಿಲ್ಲ ಎನ್ನುತ್ತದೆ. ಅದನ್ನೂ ಕಮೆಂಟ್ ಮಾಡಿದರೆ ಸರ್ವರ್ ಏಳುತ್ತದೆ, ಆದರೆ ಬ್ರೌಸರಿನಲ್ಲಿ ಪಿಎಚ್‌ಪಿ ಪುಟದ ಬದಲು ಅದರ ಸೋರ್ಸ್ ಕೋಡೇ ಕಾಣಿಸುತ್ತದೆ. ಜೊತೆಗೆ ಸರ್ವರಿನ ಪೂರ್ಣ ಡೊಮೇನ್ ಹೆಸರನ್ನು ನಿರ್ಧರಿಸಲಾಗಲಿಲ್ಲ ಎಂಬ ಎಎಚ್00558 ಸಂದೇಶವೂ ಪ್ರತಿಸಲ ಬರುತ್ತದೆ. ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಉತ್ತರ

ನಮಸ್ಕಾರ. ಎಲ್ಲಕ್ಕಿಂತ ಮೊದಲು ಸೋರ್ಸ್ ಕೋಡ್ ಹೊರಗೆ ಕಾಣುವುದನ್ನು ನಿಲ್ಲಿಸಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಡತವೂ ಹಾಗೆಯೇ ತೆರೆದುಕೊಳ್ಳುತ್ತದೆ. ಕಾನ್ಫಿಗರೇಶನ್ ಕಡತದ ಲಿಸನ್ ಸಾಲಿನಲ್ಲಿ ಬರಿಯ 8080 ಇದ್ದರೆ ಅದನ್ನು 127.0.0.1:8080 ಎಂದು ಬದಲಿಸಿ. ಆಗ ಕೆಲಸ ಮುಗಿಯುವವರೆಗೆ ಅದೇ ಯಂತ್ರದಿಂದ ಮಾತ್ರ ಅದನ್ನು ತಲುಪಲು ಸಾಧ್ಯ. ಆ ಪೋರ್ಟು ಇಷ್ಟು ಹೊತ್ತು ಹೊರಗಿನ ಜಾಲಕ್ಕೆ ತೆರೆದಿದ್ದರೆ ದಯವಿಟ್ಟು ಪಾಸ್‌ವರ್ಡನ್ನೂ ಬದಲಾಯಿಸಿಬಿಡಿ.

ಇನ್ನು ಸಹಿಯ ವಿಷಯ. ಆ ಸಂಖ್ಯೆಗಳನ್ನು ಎರಡೆರಡು ಅಂಕಿಗಳಾಗಿ ಬಿಡಿಸಿ, ಹದಿನಾರರ ಪದ್ಧತಿಯ ಆಸ್ಕಿ ಸಂಕೇತಗಳೆಂದು ಓದಿ. 41 ಎಂದರೆ ಎ, 50 ಎಂದರೆ ಪಿ, 32 ಎಂದರೆ 2, 34 ಎಂದರೆ 4. ಸರ್ವರ್ ನಿರೀಕ್ಷಿಸಿದ್ದು ‘ಎಪಿ24’, ಮಾಡ್ಯೂಲಿನಲ್ಲಿ ಕಂಡದ್ದು ‘ಎಪಿ22’. ಹಾಗಾಗಿ ಕಡತ ಕೆಟ್ಟಿಲ್ಲ, ಡೌನ್‌ಲೋಡ್ ಅರೆಬರೆಯಾಗಿಲ್ಲ. ತಮ್ಮ ಮಾಡ್ ಪರ್ಲ್ ಹಳೆಯ ಅಪಾಚೆ 2.2ರ ಹೆಡರ್ ಕಡತಗಳನ್ನು ಹಿಡಿದು ಕಂಪೈಲ್ ಆಗಿದೆ. ಒಂದೇ ಯಂತ್ರದಲ್ಲಿ ಎರಡು ಅಪಾಚೆಗಳಿರುವಾಗ ಹೀಗಾಗುವುದು ತೀರಾ ಸಹಜ, ಏಕೆಂದರೆ ಮಾಡ್ಯೂಲ್ ಕಟ್ಟುವಾಗ ಹೆಡರ್‌ಗಳು ಎಲ್ಲಿವೆ, ಕಂಪೈಲರಿಗೆ ಯಾವ ಆಯ್ಕೆಗಳನ್ನು ಕೊಡಬೇಕು ಎಂಬುದನ್ನೆಲ್ಲ ಹೇಳಿಕೊಡುವುದು ಎಪಿಎಕ್ಸ್‌ಎಸ್ ಎಂಬ ಉಪಕರಣ, ಮತ್ತು ದಾರಿ ಕೊಡದಿದ್ದರೆ ಪಾತ್‌ನಲ್ಲಿ ಮೊದಲು ಸಿಕ್ಕಿದ ಎಪಿಎಕ್ಸ್‌ಎಸ್ ಬಳಕೆಯಾಗುತ್ತದೆ.

ಮಾಡ್ ಪರ್ಲ್‌ನ ಸೋರ್ಸ್ ಡೈರೆಕ್ಟರಿಯಲ್ಲಿ ಹಿಂದಿನ ಬಿಲ್ಡ್ ಉಳಿಸಿದ ಆಬ್ಜೆಕ್ಟ್ ಕಡತಗಳನ್ನು ಪೂರ್ತಿ ಅಳಿಸಿ, ಸಾಧ್ಯವಾದರೆ ಪ್ಯಾಕೇಜನ್ನು ಹೊಸದಾಗಿ ಬಿಡಿಸಿಕೊಂಡೇ, ಮೇಕ್‌ಫೈಲ್ ಸ್ಕ್ರಿಪ್ಟನ್ನು ತಾವು ಕಟ್ಟಿದ ಹೊಸ ಪರ್ಲ್‌ನಿಂದ ಓಡಿಸಿ, ಎಂಪಿ_ಎಪಿಎಕ್ಸ್‌ಎಸ್ ಎಂಬ ಆಯ್ಕೆಗೆ ಹೊಸ ಅಪಾಚೆಯ ಬಿನ್ ಡೈರೆಕ್ಟರಿಯಲ್ಲಿರುವ ಎಪಿಎಕ್ಸ್‌ಎಸ್‌ನ ಪೂರ್ಣ ದಾರಿಯನ್ನು ಕೊಡಿ. ಮಾಡ್ ಪರ್ಲ್‌ಗೆ 2.4ರ ಬೆಂಬಲ ಬಂದದ್ದು 2015ರ 2.0.9 ಆವೃತ್ತಿಯಿಂದ; ಅದಕ್ಕಿಂತ ಹಳೆಯದಾದರೆ ದಾರಿ ಸರಿಯಿದ್ದರೂ ಫಲವಿಲ್ಲ. ಪಿಎಚ್‌ಪಿಗೂ ಇದೇ ಮಾತು ಅನ್ವಯಿಸುತ್ತದೆ: ವಿತ್-ಎಪಿಎಕ್ಸ್‌ಎಸ್2 ಎಂದಷ್ಟೇ ಬರೆದು ಬಿಡಬೇಡಿ, ಸಮಚಿಹ್ನೆಯ ಮುಂದೆ ಪೂರ್ಣ ದಾರಿ ಇರಲಿ. ಪಿಎಚ್‌ಪಿಯ ಇನ್‌ಸ್ಟಾಲ್ ಹಂತವು ಎಪಿಎಕ್ಸ್‌ಎಸ್ ಮೂಲಕವೇ ಲೋಡ್‌ಮಾಡ್ಯೂಲ್ ಸಾಲನ್ನು ಕಾನ್ಫಿಗರೇಶನ್ ಕಡತಕ್ಕೆ ಸೇರಿಸುತ್ತದೆ. ತಪ್ಪು ಎಪಿಎಕ್ಸ್‌ಎಸ್ ಬಳಕೆಯಾದರೆ ಆ ಸಾಲು ಹಳೆಯ ಸರ್ವರಿನ ಕಡತಕ್ಕೆ ಹೋಗಿ ಕೂರುತ್ತದೆ, ಆ ಸರ್ವರನ್ನು ಮುಂದೊಮ್ಮೆ ರೀಸ್ಟಾರ್ಟ್ ಮಾಡಿದಾಗ ಅದು ಏಳದೇ ಹೋಗಬಹುದು. ಹಳೆಯ ಕಡತವನ್ನು ಈಗಲೇ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಪಿಎಚ್‌ಪಿಯ ಥ್ರೆಡ್ ದೋಷದ ಕಾರಣ ತಮ್ಮ ಪ್ರಶ್ನೆಯಲ್ಲೇ ಇದೆ. ಕಾನ್ಫಿಗರ್ ಹಂತದಲ್ಲಿ ಪಿಎಚ್‌ಪಿಯು ಅಪಾಚೆಯ ಮುಖ್ಯ ಪ್ರೋಗ್ರಾಮ್ ಆದ ಎಚ್‌ಟಿಟಿಪಿಡಿಯನ್ನು ಕ್ಯಾಪಿಟಲ್ ವಿ ಆಯ್ಕೆಯೊಂದಿಗೆ ಓಡಿಸಿ, ಎಂಪಿಎಂ ಥ್ರೆಡ್ ಬಳಸುತ್ತದೆಯೇ ಎಂದು ನೋಡಿಕೊಂಡು, ಅದಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಆ ಹೊತ್ತಿಗೆ ತಮ್ಮಲ್ಲಿ ಪ್ರೀಫೋರ್ಕ್ ಇತ್ತು, ಆದ್ದರಿಂದ ಅದು ಥ್ರೆಡ್‌ಸೇಫ್ ಆಗಲಿಲ್ಲ. ಅನಂತರ ಇವೆಂಟ್ ಬಂದಾಗ ಅದೇ ಬೈನರಿ ಹೊಂದಲಿಲ್ಲ. ಈಗ ಪ್ರೀಫೋರ್ಕ್‌ಗೆ ಹಿಂತಿರುಗಬಹುದು, ಇಲ್ಲವೇ ಇವೆಂಟ್ ಇರುವಾಗಲೇ ಪಿಎಚ್‌ಪಿಯನ್ನು ಮತ್ತೆ ಕಟ್ಟಬಹುದು.

ಎಎಚ್00558 ಬರಿಯ ಎಚ್ಚರಿಕೆ. ಸರ್ವರ್‌ನೇಮ್ ಸಾಲೊಂದನ್ನು ಬರೆದರೆ ಹೋಗುತ್ತದೆ. ಕೊನೆಯ ಸಾಲಿನಲ್ಲಿ ಕಾಣುತ್ತದೆಂಬ ಕಾರಣಕ್ಕೆ ಅನೇಕರು ಅದನ್ನೇ ದೋಷವೆಂದು ಬೆನ್ನು ಹತ್ತುತ್ತಾರೆ. ನಿಜವಾದ ದೋಷ ಅದರ ಆಚೀಚೆ ಇನ್ನೊಂದು ಸಾಲಿನಲ್ಲಿರುತ್ತದೆ.

ಉತ್ತರ

ಮೇಲಿನ ಉತ್ತರಕ್ಕೆ ಒಂದು ಸಣ್ಣ ಸೇರ್ಪಡೆ. ಹಳೆಯ ಕಾನ್ಫಿಗರೇಶನ್ ಕಡತವನ್ನೇ ತಂದು ಬಳಸುತ್ತಿದ್ದರೆ ಅದರಲ್ಲಿ ಪಿಎಚ್‌ಪಿಯ ಸಾಲುಗಳು ಬಹುಶಃ ಮಾಡ್_ಪಿಎಚ್‌ಪಿ5 ಎಂಬ ಹೆಸರಿನ ಇಫ್‌ಮಾಡ್ಯೂಲ್ ಆವರಣದೊಳಗಿರುತ್ತವೆ. ಪಿಎಚ್‌ಪಿ 8ರಿಂದ ಆ ಹೆಸರಿನಲ್ಲಿ ಅಂಕಿಯಿಲ್ಲ, ಬರಿಯ ಮಾಡ್_ಪಿಎಚ್‌ಪಿ. ಹೆಸರು ಹೊಂದದಿದ್ದರೆ ಅಪಾಚೆ ಆ ಇಡೀ ಆವರಣವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಯಾವ ದೋಷವನ್ನೂ ಹೇಳುವುದಿಲ್ಲ. ಆಗ ಮಾಡ್ಯೂಲ್ ಲೋಡ್ ಆಗಿದ್ದರೂ ಪಿಎಚ್‌ಪಿ ಕಡತಗಳನ್ನು ಅದಕ್ಕೆ ಒಪ್ಪಿಸುವ ಹ್ಯಾಂಡ್ಲರ್ ಇಲ್ಲದೆ ಸೋರ್ಸ್ ಕೋಡೇ ಕಾಣಿಸುತ್ತದೆ. ಸ್ಥಳಾಂತರ ಮುಗಿಯುವವರೆಗೆ ಇಫ್‌ಮಾಡ್ಯೂಲ್ ಆವರಣಗಳನ್ನು ತೆಗೆದೇ ಇಡುವುದು ಲೇಸು. ಮಾಡ್ಯೂಲ್ ಇಲ್ಲದಿದ್ದರೆ ಸರ್ವರ್ ಏಳದಿರಲಿ, ಅರ್ಧಂಬರ್ಧ ಎದ್ದು ಕೋಡನ್ನು ಹೊರಚೆಲ್ಲದಿರಲಿ.

ಹಾಗೆಯೇ 2.2ರ ಆರ್ಡರ್, ಅಲೋ, ಡಿನೈ ಸಾಲುಗಳ ಜಾಗದಲ್ಲಿ 2.4ರ ರಿಕ್ವೈರ್ ಸಾಲುಗಳನ್ನು ಬರೆಯಿರಿ. ಲಾಗ್‌ನಲ್ಲಿ ಎಎಚ್01630 ಕಂಡರೆ, ಸರ್ವರಿನ ಕಾನ್ಫಿಗರೇಶನ್ನೇ ಪ್ರವೇಶ ನಿರಾಕರಿಸಿದೆ ಎಂದರ್ಥ. ಕಡತದ ಅನುಮತಿಗಳನ್ನು ತಿದ್ದುತ್ತ ಕೂರಬೇಕಾಗಿಲ್ಲ.

ಉತ್ತರ

ಕಂಪೈಲ್ ವಿಷಯದಲ್ಲಿ ಮೊದಲ ಉತ್ತರ ಸರಿಯಾಗಿದೆ. ಆದರೆ ಪಿಎಚ್‌ಪಿಯನ್ನು ಅಪಾಚೆಯ ಒಳಗೆ ಮಾಡ್ಯೂಲ್ ಆಗಿ ಇಡಲೇಬೇಕೆ ಎಂಬುದನ್ನು ಇದೇ ಹಂತದಲ್ಲಿ ತೀರ್ಮಾನಿಸಬೇಕೆಂದು ನನ್ನ ಅಭಿಪ್ರಾಯ. ಒಳಗಿರುವ ಇಂಟರ್‌ಪ್ರಿಟರ್ ಸರ್ವರಿನ ಮೆಮೊರಿಯಲ್ಲೇ, ಸರ್ವರಿನ ಬಳಕೆದಾರ ಖಾತೆಯಲ್ಲೇ ಓಡುತ್ತದೆ. ಚಿತ್ರವೊಂದನ್ನಷ್ಟೇ ಕಳುಹಿಸುವ ಪ್ರೊಸೆಸ್ ಕೂಡ ಇಡೀ ಪಿಎಚ್‌ಪಿಯನ್ನು ಹೊತ್ತಿರುತ್ತದೆ, ಮತ್ತು ತಾವು ಕಂಡಂತೆ ಅಪಾಚೆಯ ಎಂಪಿಎಂ ಬದಲಾದರೆ ಪಿಎಚ್‌ಪಿಯನ್ನೂ ಮತ್ತೆ ಕಟ್ಟಬೇಕಾಗುತ್ತದೆ.

ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಪ್ರತ್ಯೇಕ ಪ್ರೊಸೆಸ್‌ಗಳಲ್ಲಿ ಓಡಿಸುವ ಎಫ್‌ಪಿಎಂ 5.3.3ನೇ ಆವೃತ್ತಿಯಿಂದ ಪಿಎಚ್‌ಪಿಯ ಜೊತೆಯಲ್ಲೇ ಬರುತ್ತಿದೆ. ಅಪಾಚೆ 2.4ರ ಕಡೆಯಿಂದ ಮಾಡ್_ಪ್ರಾಕ್ಸಿ ಮತ್ತು ಮಾಡ್_ಪ್ರಾಕ್ಸಿ_ಎಫ್‌ಸಿಜಿಐ ಎರಡನ್ನೂ ಲೋಡ್ ಮಾಡಿ, ಪಿಎಚ್‌ಪಿ ಕಡತಗಳ ಫೈಲ್ಸ್‌ಮ್ಯಾಚ್ ಆವರಣದಲ್ಲಿ ಸೆಟ್‌ಹ್ಯಾಂಡ್ಲರ್ ಮೂಲಕ ಎಫ್‌ಪಿಎಂನ ಯುನಿಕ್ಸ್ ಸಾಕೆಟ್‌ಗೆ (ಒಂದೇ ಯಂತ್ರದ ಪ್ರೊಸೆಸ್‌ಗಳು ಪರಸ್ಪರ ಮಾತಾಡುವ ವಿಶೇಷ ಕಡತ) ದಾಟಿಸಿದರೆ ಸಾಕು. ಈ ಬಗೆಯ ಸೆಟ್‌ಹ್ಯಾಂಡ್ಲರ್‌ಗೆ 2.4.10 ಅಥವಾ ಅನಂತರದ ಆವೃತ್ತಿ ಬೇಕು. ಬ್ರೌಸರಿನಲ್ಲಿ 503 (ಸೇವೆ ಲಭ್ಯವಿಲ್ಲ) ಬಂದರೆ ಮೊದಲು ಸಾಕೆಟ್ ಕಡತದ ಒಡೆತನವನ್ನು ನೋಡಿ: ಎಫ್‌ಪಿಎಂನ ಪೂಲ್ ಕಡತದಲ್ಲಿ ಲಿಸನ್.ಓನರ್, ಲಿಸನ್.ಗ್ರೂಪ್ ಮತ್ತು ಲಿಸನ್.ಮೋಡ್ ಇವು ಅಪಾಚೆಯ ಬಳಕೆದಾರನಿಗೆ ಓದುವ ಮತ್ತು ಬರೆಯುವ ಅನುಮತಿ ಕೊಡುವಂತಿರಬೇಕು. ಪಿಎಚ್‌ಪಿ ಹೀಗೆ ಹೊರಗೆ ಹೋದ ಮೇಲೆ ಯಾವ ಎಂಪಿಎಂ ಇದ್ದರೂ ಅದಕ್ಕೆ ಬಾಧೆಯಿಲ್ಲ.

ಉಳಿಯುವುದು ಪರ್ಲ್. ಥ್ರೆಡ್ ಬಳಸುವ ಎಂಪಿಎಂನಲ್ಲಿ ಮಾಡ್ ಪರ್ಲ್ ಇರಬೇಕಾದರೆ ಪರ್ಲ್ ಕೂಡ ಐಥ್ರೆಡ್ಸ್ (ಪರ್ಲ್‌ನ ಥ್ರೆಡ್ ವ್ಯವಸ್ಥೆ) ಬೆಂಬಲದೊಂದಿಗೆ ಕಂಪೈಲ್ ಆಗಿರಬೇಕು. ಸೋರ್ಸ್‌ನಿಂದ ಕಟ್ಟುವಾಗ ಕೇಳದಿದ್ದರೆ ಆ ಬೆಂಬಲ ಸೇರುವುದಿಲ್ಲ. ಪರ್ಲ್ ಆದೇಶಕ್ಕೆ ಕ್ಯಾಪಿಟಲ್ ವಿ, ಕೋಲನ್, ಯೂಸ್‌ಐಥ್ರೆಡ್ಸ್ ಎಂದು ಕೊಟ್ಟರೆ ತಮ್ಮ ಪರ್ಲ್‌ನ ಸ್ಥಿತಿ ತಿಳಿಯುತ್ತದೆ. ಬೆಂಬಲ ಇಲ್ಲವೆಂದಾದರೆ ಪ್ರೀಫೋರ್ಕ್ ಆರಿಸಿಕೊಳ್ಳಿ. ಸಿಜಿಐ ಆಗಿ ಬರೆದ ಹಳೆಯ ಸ್ಕ್ರಿಪ್ಟ್‌ಗಳಿಗೆ ಅದೇ ಸುರಕ್ಷಿತ. ಎಂಪಿಎಂ ಬದಲಿಸಿದ ಮೇಲೆಯೇ ಮಾಡ್ ಪರ್ಲ್ ಕಂಪೈಲ್ ಮಾಡಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಲಿಸನ್ ಸಾಲನ್ನು ಬದಲಿಸಿ, ಪ್ರೀಫೋರ್ಕ್‌ಗೆ ಹಿಂತಿರುಗಿ, ಎಪಿಎಕ್ಸ್‌ಎಸ್‌ನ ಪೂರ್ಣ ದಾರಿ ಕೊಟ್ಟು ಮಾಡ್ ಪರ್ಲ್ ಅನ್ನು ಮತ್ತೆ ಕಂಪೈಲ್ ಮಾಡಿದೆ. ಸಹಿಯ ದೋಷ ಹೋಗಿದೆ. ಪಿಎಚ್‌ಪಿಯನ್ನು ಎಫ್‌ಪಿಎಂಗೆ ಒಪ್ಪಿಸಿದ್ದೇನೆ, ಪುಟಗಳು ಬರುತ್ತಿವೆ. ಹಳೆಯ ಸರ್ವರಿನ ಕಡತವನ್ನೂ ಪರಿಶೀಲಿಸಿದೆ, ಅದರಲ್ಲಿ ಅನಗತ್ಯವಾದ ಸಾಲೇನೂ ಸೇರಿಲ್ಲ.

ಈಗ ಪರ್ಲ್ ಸ್ಕ್ರಿಪ್ಟ್‌ಗಳನ್ನು, ಸಿಜಿಐ ಸ್ಕ್ರಿಪ್ಟ್‌ಗಳನ್ನು ಮಾಡ್ ಪರ್ಲ್‌ನೊಳಗೆ ಓಡಿಸುವ ಮಾಡ್‌ಪರ್ಲ್ ರಿಜಿಸ್ಟ್ರಿ ಮೂಲಕ ಓಡಿಸುತ್ತಿದ್ದೇನೆ. ಎರಡು ತೊಂದರೆಗಳಿವೆ. ಸ್ಕ್ರಿಪ್ಟಿನ ಪಕ್ಕದಲ್ಲೇ ಇರುವ ನಮ್ಮದೇ ಪರ್ಲ್ ಮಾಡ್ಯೂಲ್ @ಐಎನ್‌ಸಿಯಲ್ಲಿ (ಪರ್ಲ್ ಮಾಡ್ಯೂಲ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ಸಿಗುತ್ತಿಲ್ಲ ಎನ್ನುತ್ತದೆ. ಇನ್ನೊಂದು ಹೆಚ್ಚು ಆತಂಕ ತರುವಂಥದು: ಕೆಲವೊಮ್ಮೆ ಒಬ್ಬ ಬಳಕೆದಾರರ ಹೆಸರು ಇನ್ನೊಬ್ಬರ ಪುಟದಲ್ಲಿ ಕಾಣಿಸುತ್ತದೆ, ಪುಟವನ್ನು ಮತ್ತೆ ತೆರೆದರೆ ಸರಿಹೋಗಿರುತ್ತದೆ. ಸಿಜಿಐ ಆಗಿದ್ದಾಗ ಹೀಗೆ ಎಂದೂ ಆಗಿರಲಿಲ್ಲ.

ಉತ್ತರ

ಎರಡನೆಯದು ಪರಿಹಾರವಾಗುವವರೆಗೆ ಆ ಸ್ಕ್ರಿಪ್ಟ್‌ಗಳನ್ನು ಸಿಜಿಐ ಆಗಿಯೇ ಓಡಿಸಿ. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುವುದು ವೇಗಕ್ಕಾಗಿ ಸಹಿಸಿಕೊಳ್ಳಬಹುದಾದ ದೋಷವಲ್ಲ.

ಆಗುತ್ತಿರುವುದು ಇಷ್ಟು. ಸಿಜಿಐನಲ್ಲಿ ಪ್ರತಿಯೊಂದು ರಿಕ್ವೆಸ್ಟಿಗೂ ಹೊಸ ಪ್ರೊಸೆಸ್ ಹುಟ್ಟಿ, ಕೆಲಸ ಮುಗಿದೊಡನೆ ಅದರ ನೆನಪೆಲ್ಲ ಅಳಿಯುತ್ತದೆ. ರಿಜಿಸ್ಟ್ರಿಯಲ್ಲಿ ಹಾಗಲ್ಲ. ತಮ್ಮ ಇಡೀ ಸ್ಕ್ರಿಪ್ಟನ್ನು ಒಂದು ಫಂಕ್ಷನ್ನಿನ ಒಳಗೆ ಸುತ್ತಿ, ಒಮ್ಮೆ ಕಂಪೈಲ್ ಮಾಡಿ, ಪ್ರತಿ ರಿಕ್ವೆಸ್ಟಿಗೂ ಅದೇ ಫಂಕ್ಷನ್ನನ್ನು ಕರೆಯಲಾಗುತ್ತದೆ. ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ‘ಮೈ’ ಎಂದು ಘೋಷಿಸಿದ ಒಂದು ವೇರಿಯಬಲ್ ಇದೆ, ಕೆಳಗೆ ಹೆಸರುಳ್ಳ ಒಂದು ಸಬ್‌ರುಟೀನ್ ಅದನ್ನು ನೇರವಾಗಿ ಬಳಸುತ್ತದೆ ಎಂದುಕೊಳ್ಳಿ. ಈಗ ಆ ಸಬ್‌ರುಟೀನ್ ಇನ್ನೊಂದು ಫಂಕ್ಷನ್ನಿನ ಒಳಗಿದ್ದಂತಾಯಿತು. ಅದು ಮೊದಲ ಸಲದ ವೇರಿಯಬಲನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ರಿಕ್ವೆಸ್ಟಿನಲ್ಲಿ ಮೇಲ್ಭಾಗದ ಕೋಡ್ ಹೊಸ ವೇರಿಯಬಲ್ ಸೃಷ್ಟಿಸಿ ಹೊಸ ಹೆಸರನ್ನು ತುಂಬಿದರೂ ಸಬ್‌ರುಟೀನ್ ಓದುವುದು ಹಳೆಯದನ್ನೇ. ಪುಟವನ್ನು ಮತ್ತೆ ತೆರೆದಾಗ ಸರಿಹೋದಂತೆ ಕಾಣುವುದಕ್ಕೆ ಕಾರಣ, ಆ ರಿಕ್ವೆಸ್ಟ್ ಬೇರೊಂದು ಚೈಲ್ಡ್ ಪ್ರೊಸೆಸ್‌ಗೆ ಹೋಗಿರುತ್ತದೆ.

ಇದನ್ನು ಖಚಿತವಾಗಿ ನೋಡಬೇಕಾದರೆ ಎಚ್‌ಟಿಟಿಪಿಡಿಯನ್ನು ಕ್ಯಾಪಿಟಲ್ ಎಕ್ಸ್ ಆಯ್ಕೆಯೊಂದಿಗೆ ಓಡಿಸಿ. ಆಗ ಒಂದೇ ಪ್ರೊಸೆಸ್ ಇರುವುದರಿಂದ, ಎರಡು ಬೇರೆ ಹೆಸರುಗಳಿಂದ ಲಾಗಿನ್ ಆದರೆ ಕೆಲವೊಮ್ಮೆ ಕಾಣುತ್ತಿದ್ದ ದೋಷ ಪ್ರತಿಸಲವೂ ಕಾಣುತ್ತದೆ. ಸ್ಕ್ರಿಪ್ಟಿನಲ್ಲಿ ವಾರ್ನಿಂಗ್ಸ್ ಚಾಲೂ ಇದ್ದರೆ, ಇಂಥ ವೇರಿಯಬಲ್ ಹಂಚಿಕೆಯಾಗಿ ಉಳಿಯುವುದಿಲ್ಲ ಎಂಬ ಎಚ್ಚರಿಕೆ ಸಾಲಿನ ಸಂಖ್ಯೆಯ ಸಮೇತ ಎರರ್ ಲಾಗ್‌ನಲ್ಲಿ ಬಂದಿರುತ್ತದೆ. ಅಂಥ ಪ್ರತಿಯೊಂದು ಸಾಲನ್ನೂ ತಿದ್ದಿ: ಸಬ್‌ರುಟೀನಿಗೆ ಬೇಕಾದ ಮೌಲ್ಯವನ್ನು ಆರ್ಗ್ಯುಮೆಂಟ್ ಆಗಿ ಕೊಡಿ, ಅಥವಾ ಸಬ್‌ರುಟೀನ್‌ಗಳನ್ನು ಪ್ರತ್ಯೇಕ ಮಾಡ್ಯೂಲಿಗೆ ಸಾಗಿಸಿ. ‘ಮೈ’ ತೆಗೆದು ‘ಅವರ್’ ಹಾಕಿದರೆ ಎಚ್ಚರಿಕೆ ಮಾಯವಾಗುತ್ತದೆ, ಆದರೆ ರಿಕ್ವೆಸ್ಟಿನ ಆರಂಭದಲ್ಲಿ ಪ್ರತಿಸಲ ಹೊಸ ಮೌಲ್ಯ ತುಂಬದಿದ್ದರೆ ಹಿಂದಿನವರ ಹೆಸರು ಅಲ್ಲಿಯೇ ಉಳಿದಿರುತ್ತದೆ. ಹಾಗಾಗಿ ಅದನ್ನು ನಾನು ಸಲಹೆ ಮಾಡುವುದಿಲ್ಲ.

@ಐಎನ್‌ಸಿ ದೋಷಕ್ಕೆ ಕಾರಣಗಳು ಎರಡು. ಪರ್ಲ್ 5.26ರಿಂದ ಪ್ರಸ್ತುತ ಡೈರೆಕ್ಟರಿಯನ್ನು ಸೂಚಿಸುವ ಚುಕ್ಕಿಯನ್ನು ಆ ಪಟ್ಟಿಯಿಂದ ತೆಗೆಯಲಾಗಿದೆ. ಅದೂ ಅಲ್ಲದೆ, ರಿಜಿಸ್ಟ್ರಿಯು ಸ್ಕ್ರಿಪ್ಟ್ ಇರುವ ಡೈರೆಕ್ಟರಿಗೆ ಹೋಗಿ ಅದನ್ನು ಓಡಿಸುವುದಿಲ್ಲ, ಆದ್ದರಿಂದ ಚುಕ್ಕಿಯನ್ನು ಮತ್ತೆ ಸೇರಿಸಿದರೂ ಅದು ಬೇರೆಲ್ಲೋ ಹುಡುಕುತ್ತದೆ. ಪರ್ಲ್‌ಸ್ವಿಚಸ್ ಸಾಲಿನಲ್ಲಿ ಕ್ಯಾಪಿಟಲ್ ಐ ಆಯ್ಕೆಯ ಮುಂದೆ ತಮ್ಮ ಮಾಡ್ಯೂಲ್‌ಗಳ ಪೂರ್ಣ ದಾರಿಯನ್ನು ಬರೆಯಿರಿ. ಸ್ಕ್ರಿಪ್ಟಿನೊಳಗೆ ಅರೆದಾರಿಯಲ್ಲಿ ತೆರೆಯುವ ದತ್ತಾಂಶ ಕಡತಗಳಿದ್ದರೆ ಅವಕ್ಕೂ ಪೂರ್ಣ ದಾರಿ ಬೇಕು.

ಇನ್ನೊಂದು ವಿಷಯ: ಸ್ಕ್ರಿಪ್ಟ್ ಬದಲಾದರೆ ರಿಜಿಸ್ಟ್ರಿ ಅದನ್ನು ಗಮನಿಸಿ ಮತ್ತೆ ಕಂಪೈಲ್ ಮಾಡುತ್ತದೆ, ಆದರೆ ಅದು ಬಳಸುವ ಮಾಡ್ಯೂಲ್ ಬದಲಾದರೆ ಗಮನಿಸುವುದಿಲ್ಲ. ತಿದ್ದಿದ ಕೋಡ್ ಕೆಲಸ ಮಾಡುತ್ತಿಲ್ಲವೆಂದು ಕಂಡರೆ ಮೊದಲು ಸರ್ವರನ್ನು ಪೂರ್ತಿ ನಿಲ್ಲಿಸಿ ಮತ್ತೆ ಪ್ರಾರಂಭಿಸಿ ನೋಡಿ. ಪರೀಕ್ಷೆಯ ಯಂತ್ರದಲ್ಲಾದರೆ ಅಪಾಚೆ2 ರಿಲೋಡ್ ಎಂಬ ಮಾಡ್ಯೂಲ್, ಬದಲಾದ ಮಾಡ್ಯೂಲ್‌ಗಳನ್ನು ಮತ್ತೆ ಲೋಡ್ ಮಾಡುವ ಕೆಲಸವನ್ನು ತಾನೇ ಮಾಡುತ್ತದೆ.