ರಿಜಿಸ್ಟರ್ ಮದುವೆ ಆಗಲಾಗದಿದ್ದರೆ ವಿಲ್ ಆದರೂ ಬರೆಸಿ

ಪ್ರಶ್ನೆ (ತುಮಕೂರು): ವಕೀಲರಿಗೆ ನಮಸ್ಕಾರ ಮೇಡಂ. ನಾನೂ ನನ್ನ ಸಂಗಾತಿಯೂ, ಇಬ್ಬರೂ ಹೆಂಗಸರು, ಒಂಬತ್ತು ವರ್ಷಗಳಿಂದ ಕ್ಯಾತ್ಸಂದ್ರದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಕಳೆದ ತಿಂಗಳು ಅವಳ ಅಪೆಂಡಿಕ್ಸ್ ಆಪರೇಷನ್ ವೇಳೆ, ‘ರೋಗಿಗೆ ಏನಾಗಬೇಕು’ ಎಂಬಲ್ಲಿ ನಾನು ‘ಸಂಗಾತಿ’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಸ್ನೇಹಿತೆ’ ಎಂದು ಬರೆಸಿದರು. ಸಹಿಗೆ ಅವಳ ಅಣ್ಣ ಪಾವಗಡದಿಂದ ಬರುವವರೆಗೂ ಕಾಯಿಸಿದರು. ಅವಳಿಗೆ ತಂದೆತಾಯಿ ಇಲ್ಲ. ನಾವಿಬ್ಬರೂ ದುಡ್ಡು ಹಾಕಿ ಕೊಂಡ ಸೈಟು ಅವಳ ಹೆಸರಿನಲ್ಲಿದೆ. ನಾವು ರಿಜಿಸ್ಟರ್ ಮದುವೆ ಆಗಬಹುದೇ?

ಉತ್ತರ: ಸದ್ಯಕ್ಕೆ ಆಗುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ತೂಗುಗತ್ತಿಯನ್ನು ತೆಗೆದದ್ದರಿಂದ ನೀವಿಬ್ಬರೂ ಒಟ್ಟಿಗೆ ಬಾಳುವುದು ಅಪರಾಧವಲ್ಲ. ಆದರೆ 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ರಿಜಿಸ್ಟರ್ ಮದುವೆಗೆ ಆಧಾರವಾದ 1954ರ ವಿಶೇಷ ವಿವಾಹ ಕಾಯ್ದೆಯನ್ನು ನಿಮ್ಮಂಥವರಿಗೂ ಅನ್ವಯಿಸಲು ಒಪ್ಪದೆ, ಅದು ಸಂಸತ್ತಿನ ಕೆಲಸ ಎಂದಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು.

ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ನಿಮ್ಮ ಸೈಟು. ನಿಮ್ಮ ಸಂಗಾತಿ ವಿಲ್ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅದು ತಂದೆಯ ವಾರಸುದಾರರಿಗೆ, ಅಂದರೆ ಅಣ್ಣನಿಗೆ ಹೋಗುತ್ತದೆ. ನಿಮ್ಮ ಒಂಬತ್ತು ವರ್ಷ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಭಾಗವನ್ನು ಈಗಲೇ ದಾನಪತ್ರದ ಮೂಲಕ ಪಡೆಯಬಹುದಾದರೂ, ಗಂಡ ಹೆಂಡತಿಗೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ನಿಮಗಿಲ್ಲ, ಹೊರಗಿನವರಂತೆ ಪೂರ್ತಿ ಕಟ್ಟಬೇಕು. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಆದ್ದರಿಂದ ಅವರು ವಿಲ್ ಬರೆಯಲಿ. ಛಾಪಾ ಕಾಗದ ಬೇಕಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು, ಸಾಕ್ಷಿಯಾಗಿ ನೀವು ಮಾತ್ರ ಸಹಿ ಹಾಕಬೇಡಿ. ನೋಂದಣಿ ಕಡ್ಡಾಯವಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ನಾಳೆ ತಕರಾರು ಎದ್ದರೆ ಅದೇ ನಿಮಗೆ ಆಧಾರ.

ಆಸ್ಪತ್ರೆಯ ವಿಷಯಕ್ಕೆ ಬಂದರೆ, ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಸ್ವಂತ ಒಪ್ಪಿಗೆಯೇ ಮುಖ್ಯ. ಅಂದು ಅವರ ಸಹಿಯನ್ನೇ ಮೊದಲು ಕೇಳಬೇಕಿತ್ತು.

ಇನ್ನೊಬ್ಬರ ಪ್ರಶ್ನೆ: ಮೇಡಂ, ಬ್ಯಾಂಕಿನಲ್ಲಿ ನಾಮಿನಿ ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು. ಸಂಗಾತಿಯೊಂದಿಗೆ ಜಂಟಿ ಖಾತೆ ತೆರೆಯಲು, ಅವರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ, ಮ್ಯಾನೇಜರ್ ತಕರಾರು ತೆಗೆದರೆ ಅದನ್ನು ತೋರಿಸಿ. ಆದರೆ ನಾಮಿನಿ ಹಣವನ್ನು ಪಡೆಯುವವರೇ ಹೊರತು ಒಡೆಯರಲ್ಲ, ವಾರಸುದಾರರು ಬಂದು ಕೇಳಿದರೆ ಕೊಡಬೇಕಾಗುತ್ತದೆ. ಹಾಗಾಗಿ ಎಫ್‌ಡಿಯ ವಿವರವನ್ನೂ ಅದೇ ವಿಲ್‌ನಲ್ಲಿ ಬರೆಸಿ.